ಕಾಕಾ ನೋಡಿಕೊಟ್ಟ ದಿನ

ಅವರ ಎರಡೂ ಕೈಯಲ್ಲಿ ಗಡಿಯಾರಗಳಿದ್ದವು. ಎಡಗೈಯದು ಕತಾರಿನ ಸಮಯ, ಬಲಗೈಯದು ಸೂರ್ಯನ ಸಮಯ. ಮೂವತ್ತು ವರ್ಷ ಮರಳಿನಲ್ಲಿ ನಿಂತು ಸರ್ವೆ ಮಾಡಿ ಕೈಗಳು ಕರ್ರಗೆ ಸುಟ್ಟುಹೋಗಿದ್ದವು. ಗಡಿಯಾರ ಬಿಚ್ಚಿದರೆ ಮಾತ್ರ ಎರಡು ಮಣಿಕಟ್ಟಿನಲ್ಲೂ ಬೇರೆ ಯಾರದೋ ಚರ್ಮ ಅಂಟಿಸಿದ ಹಾಗೆ ಬೆಳ್ಳಗಿನ ಪಟ್ಟಿ ಕಾಣುತ್ತಿತ್ತು. ಕತಾರಿನ ಗಡಿಯಾರ ಸೌದಿಯ ಮಧ್ಯದಲ್ಲಿ ಹಾದುಹೋಗುವ ಯಾವುದೋ ರೇಖೆಯನ್ನು ಹಿಡಿದು ನಡೆಯುತ್ತದಂತೆ, ದೋಹಾದ ನೆತ್ತಿಯ ಮೇಲಿನ ಸೂರ್ಯ ಅದಕ್ಕಿಂತ ಇಪ್ಪತ್ತಾರು ನಿಮಿಷ ಮುಂದಿರುತ್ತಾನಂತೆ. ಇದನ್ನು ಅವರು ನನಗೆ ಎಷ್ಟು ಸಲ ವಿವರಿಸಿದ್ದಾರೋ ಲೆಕ್ಕವಿಲ್ಲ. ನನಗೆ ತಿಳಿದದ್ದು ಇಷ್ಟೇ: ಮಧ್ಯಾಹ್ನ ಒಂದಕ್ಕೆ ಊಟಕ್ಕೆ ಬನ್ನಿ ಎಂದರೆ ಹನ್ನೆರಡು ಮೂವತ್ತನಾಲ್ಕಕ್ಕೆ ಬಾಗಿಲು ತಟ್ಟುತ್ತಿದ್ದರು. ನಾನು ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡೇ ಬಾಗಿಲು ತೆರೆಯಬೇಕಾಗುತ್ತಿತ್ತು.

ದೋಹಾದ ಬಿನ್ ಒಮ್ರಾನ್ ಬಡಾವಣೆಯ ನಮ್ಮ ಕಟ್ಟಡದಲ್ಲಿ ಅವರು ನಾಲ್ಕನೇ ಮಹಡಿ, ನಾವು ಮೂರನೆಯದು. ಅವರು ಧಾರವಾಡದ ಕಡೆಯವರು. ನಾವು ಉಡುಪಿಯ ಕಡೆಯ ಕ್ರೈಸ್ತರು, ಮನೆಯಲ್ಲಿ ಕೊಂಕಣಿ. ಅವರನ್ನು ಕಟ್ಟಡದ ಕನ್ನಡದವರೆಲ್ಲ ಕಾಕಾ ಎನ್ನುತ್ತಿದ್ದುದರಿಂದ ನಾನೂ ಕಾಕಾ ಎಂದೆ. ಹಾಗೆ ಕರೆದದ್ದೇ ನನ್ನ ತಪ್ಪು ಎಂದು ಆಮೇಲೆ ಎಷ್ಟೋ ಸಲ ಅನಿಸಿದೆ, ಏಕೆಂದರೆ ಆ ಕ್ಷಣದಿಂದ ಅವರು ನಮ್ಮ ಮನೆಯನ್ನು ಸ್ವಂತ ಅಣ್ಣನ ಮಗಳ ಮನೆ ಎಂದೇ ತಿಳಿದರು.

ಮೊದಲ ಭೇಟಿ ಮೆಟ್ಟಿಲಿನ ಮೇಲೆ. ನಾವು ಆ ಫ್ಲ್ಯಾಟಿಗೆ ಸಾಮಾನು ಸಾಗಿಸುತ್ತಿದ್ದ ದಿನ. ಕೆಳಗೆ ಪಿಕಪ್‌ನವನು ಯಲ್ಲಾ ಯಲ್ಲಾ, ಬೇಗ ಬೇಗ ಎಂದು ಹಾರನ್ ಹೊಡೆಯುತ್ತಿದ್ದ. ನನ್ನ ಗಂಡ ಹಾಸಿಗೆ ಹೊತ್ತಿದ್ದರು, ನಾನು ಮೀನಿನ ಐಸ್ ಪೆಟ್ಟಿಗೆ ಹಿಡಿದಿದ್ದೆ, ಮಗಳು ಯೇಸುವಿನ ಪವಿತ್ರ ಹೃದಯದ ಪಟವನ್ನು ಎದೆಗೆ ಅವುಚಿಕೊಂಡಿದ್ದಳು. ಮೂರನೇ ಮಹಡಿಯ ಮೆಟ್ಟಿಲಿಗೆ ಅಡ್ಡಲಾಗಿ ಒಬ್ಬ ಹಿರಿಯರು ಕುಳಿತಿದ್ದರು. ತೊಡೆಯ ಮೇಲೆ ಊಟದ ತಟ್ಟೆಯಷ್ಟು ಅಗಲದ ಕೆಂಪು ಮರದ ಫಲಕ. ಅದರ ತುಂಬ ಒಂದರ ಸುತ್ತ ಒಂದರಂತೆ ಹಿತ್ತಾಳೆಯ ಬಳೆಗಳು, ಬಳೆಗಳ ತುಂಬ ಚೀನೀ ಅಕ್ಷರಗಳು, ನಟ್ಟನಡುವೆ ಸಣ್ಣ ದಿಕ್ಸೂಚಿ.

"ನಿಲ್ರಿ," ಎಂದರು. "ಈಗ ಒಳಗ ಹೋಗಬ್ಯಾಡ್ರಿ. ಇನ್ನ ಇಪ್ಪತ್ತನಾಕು ನಿಮಿಷ ಐತಿ."

"ಎಂತಕ್ಕೆ?" ಎಂದೆ.

"ಎಂಟು ಮೂವತ್ತನಾಕಕ್ಕ ಚೀನೀ ಲೆಕ್ಕದಾಗ ಹಾವಿನ ಹೊತ್ತು ಸುರು ಆಗ್ತೈತಿ. ಹೊಸಾ ಮನಿಗೆ ಅದು ಚಲೋ. ಈಗಿಂದು ನಿಮಗ ಆಗಂಗಿಲ್ಲ. ನೀವು ಹುಟ್ಟಿದ್ದು ಯಾವ ವರ್ಷ್ರಿ?"

ನನ್ನ ಗಂಡ ಯಾರಿಗೂ ಇಲ್ಲ ಎನ್ನದ ಮನುಷ್ಯ. ಹಾಸಿಗೆಯನ್ನು ಗೋಡೆಗೆ ಒರಗಿಸಿ, ನಮ್ಮ ಮೂವರ ಹುಟ್ಟಿದ ವರ್ಷ ಹೇಳಿ, ಅಲ್ಲೇ ಕುಳಿತುಬಿಟ್ಟರು. ಅವರ ಚೀನೀ ಲೆಕ್ಕದಲ್ಲಿ ನಾನು ಮೊಲದ ವರ್ಷದವಳು ಎಂದು ಅಂದೇ ತಿಳಿದದ್ದು. ಇಪ್ಪತ್ತನಾಲ್ಕು ನಿಮಿಷದಲ್ಲಿ ಐಸ್ ಕರಗಿತು, ಬಂಗುಡೆಯ ನೀರು ಮೆಟ್ಟಿಲಿನ ಮೇಲೆ ಇಳಿಯಿತು. ಕಾಕಾ ಲಿಂಗಾಯತರು, ಮೀನು ಮುಟ್ಟದವರು. ಮೂಗು ಮುಚ್ಚಿಕೊಂಡರೇ ಹೊರತು ಜಾಗ ಬಿಟ್ಟು ಕದಲಲಿಲ್ಲ. ಮೊದಲು ಅಕ್ಕಿ ಒಳಗೆ ಹೋಗಬೇಕು, ಆಮೇಲೆ ಒಲೆ ಹಚ್ಚಿ ನೀರು ಕುದಿಸಬೇಕು ಎಂದರು. ಮೊದಲು ಹೋಗುವುದು ಪಟ ಎಂದು ನಾನು ಹಠ ಹಿಡಿದೆ. ಸ್ವಲ್ಪ ಯೋಚಿಸಿ, ಪಟಕ್ಕೂ ಅಕ್ಕಿಗೂ ಜಗಳವಿಲ್ಲ, ಎರಡನ್ನೂ ಒಟ್ಟಿಗೆ ಒಯ್ಯಿರಿ ಎಂದು ತೀರ್ಪು ಕೊಟ್ಟರು.

ಆ ಚೀನೀ ವಿದ್ಯೆ ಅವರಿಗೆ ಬಂದದ್ದು ಕೆಲಸದಿಂದ. ಒಂದು ಚೀನೀ ಕಂಪನಿಯ ರಸ್ತೆ ಕೆಲಸದಲ್ಲಿ ಎಂಟು ವರ್ಷ ಸರ್ವೇಯರ್ ಆಗಿದ್ದರು. ಅಲ್ಲಿನ ಮುಖ್ಯ ಸರ್ವೇಯರ್ ಒಬ್ಬ ಮುದುಕ. ಹಗಲಿಡೀ ಕಂಪ್ಯೂಟರಿನ ಯಂತ್ರದಿಂದ ಮಿಲಿಮೀಟರ್ ಲೆಕ್ಕ ಹಿಡಿದು, ಕೆಲಸ ಮುಗಿದ ಮೇಲೆ ಇದೇ ಫಲಕ ತೆಗೆದುಕೊಂಡು ಕ್ಯಾಂಪಿನ ಮಂಚಗಳ ದಿಕ್ಕು ನೋಡುತ್ತಿದ್ದನಂತೆ. ಇಬ್ಬರಿಗೂ ಸರಿಯಾಗಿ ಬಾರದ ಇಂಗ್ಲಿಷಿನಲ್ಲಿ ಅವನು ಹೇಳಿಕೊಟ್ಟ, ಇವರು ಕಲಿತರು. ಅವನು ಊರಿಗೆ ಹೋಗುವಾಗ ಫಲಕವನ್ನು ಇವರಿಗೆ ಕೊಟ್ಟುಹೋದ. ಪ್ರತಿ ವರ್ಷ ಕೆಂಪು ರಟ್ಟಿನ ಚೀನೀ ಪಂಚಾಂಗವನ್ನೂ ಕಳಿಸುತ್ತಿದ್ದ. ಕಾಕಾಗೆ ಚೀನೀ ಓದಲು ಬರುತ್ತಿರಲಿಲ್ಲ, ಬೇಕಾದ ನೂರಿನ್ನೂರು ಗುರುತುಗಳು ಮಾತ್ರ ಗೊತ್ತಿದ್ದವು.

"ನಮ್ಮಲ್ಲೇ ಪಂಚಾಂಗ ಇಲ್ವಾ ಕಾಕಾ? ಅದನ್ನು ಬಿಟ್ಟು ಇದೆಂತದು?" ಎಂದು ಒಮ್ಮೆ ಕೇಳಿದೆ.

"ಇದ್ರಾಗ ದೇವರ ಸುದ್ದಿ ಇಲ್ಲ, ತಂಗಿ. ಇದು ಅಳತಿ. ನೆಲಾ ಅಳೀತೀವಿ, ಹೊತ್ತೂ ಅಳೀತೀವಿ. ನೀ ನಿನ್ನ ಏಸುನ್ನ ಬಿಡಬೇಕಾಗಿಲ್ಲ, ನಾ ಕೊಳ್ಳಾಗಿನ ಲಿಂಗ ಬಿಟ್ಟಿಲ್ಲ."

ಅಳತೆ ಎಂದರೆ ಅವರಿಗೆ ಹುಚ್ಚು. ನಮ್ಮ ಮಲಗುವ ಕೋಣೆಯ ದಿಕ್ಕು ನೋಡಲು ಒಂದು ಇಡೀ ಶುಕ್ರವಾರ ಹಾಳಾಯಿತು. ಕಟ್ಟಡದ ಒಳಗೆ ಕಬ್ಬಿಣದ ಸರಳುಗಳಿರುತ್ತವೆ, ಮುಳ್ಳು ಸುಳ್ಳು ಹೇಳುತ್ತದೆ ಎಂದು ಫಲಕವನ್ನು ತಾರಸಿಗೆ ಒಯ್ದರು. ಅಲ್ಲಿ ನೀರಿನ ಟ್ಯಾಂಕಿನಿಂದ ದೂರ ನಿಂತು ಮೂರು ಸಲ ಓದಿ ಬರೆದುಕೊಂಡರು. ಆಮೇಲೆ ಆ ದಿಕ್ಕನ್ನು ಮೆಟ್ಟಿಲಿನ ಸಂದಿಯಿಂದ ತೂಕದ ಗುಂಡು ಕಟ್ಟಿದ ಎರಡು ದಾರ ಇಳಿಬಿಟ್ಟು ಮೂರನೇ ಮಹಡಿಗೆ ತಂದರು. ಒಂದು ದಾರ ನನ್ನ ಗಂಡನ ಕೈಯಲ್ಲಿ, ಇನ್ನೊಂದು ಮಗಳ ಕೈಯಲ್ಲಿ. ಅದರಿಂದ ಗೆರೆ ಎಳೆದು, ಬಾಗಿಲು ದಾಟಿ, ಕೋಣೆಯೊಳಕ್ಕೆ ಬಂದು, ಮಂಚವನ್ನು ಎಳೆದು ನಡುಮಧ್ಯಕ್ಕೆ ಹಾಕಿಸಿದರು. ಆ ದಿನದಿಂದ ನಮ್ಮ ಬಟ್ಟೆಯ ಕಪಾಟಿನ ಬಾಗಿಲು ಅರ್ಧ ಮಾತ್ರ ತೆರೆಯುತ್ತದೆ. ಆರೇಳು ವರ್ಷದಿಂದ ನಾನು ಕೈ ತೂರಿಸಿ, ಕಣ್ಣಿಗೆ ಕಾಣದ ಸೀರೆಗಳನ್ನು ಬೆರಳಿನಿಂದ ಗುರುತು ಹಿಡಿದು ಎಳೆಯುತ್ತಿದ್ದೇನೆ.

ಕತಾರಿನಲ್ಲಿ ಗುಡ್ಡ ಎಲ್ಲಿದೆ, ಹೊಳೆ ಎಲ್ಲಿದೆ? ಮನೆಯ ಹಿಂದೆ ಗುಡ್ಡ, ಮುಂದೆ ನೀರು ಇರಬೇಕು ಎನ್ನುವ ಶಾಸ್ತ್ರ ಈ ಬಯಲಿನಲ್ಲಿ ನಡೆಯುವುದಿಲ್ಲ ಎಂದು ನಾನು ಖುಷಿಯಿಂದ ಹೇಳಿದ್ದೆ. ಅದಕ್ಕೂ ಉತ್ತರ ಸಿದ್ಧವಿತ್ತು. ಪಟ್ಟಣದಲ್ಲಿ ಎತ್ತರದ ಕಟ್ಟಡವೇ ಗುಡ್ಡ, ರಸ್ತೆಯೇ ನದಿ. ನಾನು ಕೆಲಸ ಮಾಡುವ, ಗಗನಚುಂಬಿ ಕಟ್ಟಡಗಳೇ ತುಂಬಿದ ವೆಸ್ಟ್ ಬೇ ಅವರ ಪಾಲಿಗೆ ಒಂದು ಘಟ್ಟ. ಸಂಜೆ ಆಫೀಸಿನಿಂದ ಬರುವಾಗ ಸಿಗ್ನಲಿನಲ್ಲಿ ಮುಕ್ಕಾಲು ಗಂಟೆ ಸಿಕ್ಕಿಬಿದ್ದು, ತಲೆ ಸಿಡಿಯುತ್ತಾ ಮೆಟ್ಟಿಲು ಹತ್ತಿದರೆ, ಅವರು ಮೇಲಿಂದ ಇಣುಕಿ ಹೇಳುತ್ತಿದ್ದರು: "ಜಾಮ್ ಆಗಿತ್ತೇನವಾ? ಚಲೋ ಆತು. ನೀರು ನಿಧಾನ ಹರಿದ್ರ ಮನಿಗೆ ಒಳ್ಳೇದು." ಆಗ ಕೈಯಲ್ಲಿದ್ದ ತರಕಾರಿ ಚೀಲವನ್ನು ಅವರ ಕಡೆ ಎಸೆಯಬೇಕು ಎನಿಸುತ್ತಿತ್ತು. ಎಸೆಯದೆ ಉಳಿದದ್ದು ಚೀಲದಲ್ಲಿ ಮೊಟ್ಟೆಯಿದ್ದ ಕಾರಣಕ್ಕೆ.

ಪಂಚಾಂಗದ ಕಾಟ ಬೇರೆ. ಅದರಲ್ಲಿ ದಿನಗಳಿಗೆ ಹನ್ನೆರಡು ಹೆಸರು. ಇಡುವ ದಿನ, ತೆಗೆಯುವ ದಿನ, ತುಂಬುವ ದಿನ, ಒಡೆಯುವ ದಿನ, ತೆರೆಯುವ ದಿನ, ಮುಚ್ಚುವ ದಿನ, ಹೀಗೆ ಒಂದರ ಹಿಂದೆ ಒಂದು. ಅದರ ಮೇಲೆ ವರ್ಷಕ್ಕೆ, ದಿನಕ್ಕೆ, ಹೊತ್ತಿಗೆ ಒಂದೊಂದು ಪ್ರಾಣಿಯ ಹೆಸರು ಬೇರೆ. ಮಗಳ ಕೂದಲು ಕತ್ತರಿಸಲು ಒಂದು, ಏಸಿ ಸರ್ವಿಸಿಗೆ ಒಂದು. ಡಾಕ್ಟರ ಹತ್ತಿರ ಹೋಗಲು ತೆಗೆಯುವ ದಿನ ಒಳ್ಳೆಯದು, ಹೋದ ರೋಗ ತಿರುಗಿ ಬರುವುದಿಲ್ಲ ಎನ್ನುತ್ತಿದ್ದರು. ಮುಚ್ಚುವ ದಿನ ಗುಂಡಿ ಮುಚ್ಚಬಹುದು, ಬಾಗಿಲಿಗೆ ಬೀಗ ಹಾಕಬಹುದು, ಹೆಚ್ಚಿನದೇನನ್ನೂ ಮಾಡಬಾರದು. ನಾನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದೆ.

ನನ್ನ ಎದೆಯಲ್ಲಿ ಗಡ್ಡೆ ಕಾಣಿಸಿದ್ದು ನಾಲ್ಕನೇ ವರ್ಷದ ಬೇಸಿಗೆಯಲ್ಲಿ. ಆಸ್ಪತ್ರೆಯಲ್ಲಿ ಸೂಜಿ ಹಾಕಿ ನೋಡಿ, ಇದನ್ನು ತೆಗೆಯಲೇಬೇಕು, ತಡ ಮಾಡಬಾರದು ಎಂದರು. ಇಲ್ಲಿ ಒಂದು ಮಾತು ಮುಚ್ಚುಮರೆಯಿಲ್ಲದೆ ಹೇಳಬೇಕು. ನನ್ನ ಅಮ್ಮ ಇದೇ ಆಪರೇಶನ್ನಿಗೆಂದು ಮಂಗಳೂರಿನ ಆಸ್ಪತ್ರೆಗೆ ನಡೆದುಕೊಂಡು ಹೋದವಳು ಮನೆಗೆ ತಿರುಗಿ ಬರಲಿಲ್ಲ. ಆಗ ನನಗೆ ಹದಿನೇಳು. ನನಗೆ ಗಡ್ಡೆಗಿಂತ ಹೆಚ್ಚಿನ ಭಯವಿದ್ದದ್ದು ಆ ಆಪರೇಶನ್ ಮೇಜಿನದು. ಮೊದಲ ತಾರೀಕು ಕೊಟ್ಟಾಗ ಮಗಳ ಪರೀಕ್ಷೆ ಎಂದೆ. ಎರಡನೆಯದಕ್ಕೆ ಆಫೀಸಿನಲ್ಲಿ ಆಡಿಟ್ ಎಂದೆ. ಮೂರನೆಯದಕ್ಕೆ ನೆಗಡಿ ಎಂದೆ. ನನ್ನ ಗಂಡ ಸಮುದ್ರದ ನಡುವಿನ ಗ್ಯಾಸ್ ರಿಗ್ಗಿನಲ್ಲಿ ತಿಂಗಳುಗಟ್ಟಲೆ ಇರುವವರು. ಆಸ್ಪತ್ರೆಯವರೇ ಮುಂದೆ ಹಾಕಿದರು ಎಂದು ಅವರಿಗೆ ಫೋನಿನಲ್ಲಿ ಹೇಳಿದೆ. ನಾಲ್ಕನೇ ಸಲ ಫೋನ್ ಮಾಡಿದ ಮಲಯಾಳಿ ನರ್ಸ್ ಬೈಯಲಿಲ್ಲ. ಬರುವ ಮಂಗಳವಾರ ಜಾಗ ಇದೆ, ಇದನ್ನೂ ಬಿಟ್ಟರೆ ಸಾಲಿನ ಕೊನೆಗೆ ಹೋಗುತ್ತೀರಿ, ಆಮೇಲೆ ಎಷ್ಟು ವಾರವೋ ಗೊತ್ತಿಲ್ಲ ಎಂದಳು.

ಆಗ ನಾನು ಮಾಡಿದ ಕೆಲಸ ನೆನೆದರೆ ನಾಚಿಕೆಯಾಗುತ್ತದೆ. ನಾಲ್ಕು ವರ್ಷ ಯಾರ ಪಂಚಾಂಗವನ್ನು ಹಂಗಿಸಿದ್ದೆನೋ ಅವರ ಬಾಗಿಲಿಗೇ ಹೋದೆ. ನಂಬಿಕೆ ಬಂದು ಹೋದದ್ದಲ್ಲ. ವರ್ಷದಲ್ಲಿ ಅರ್ಧಕ್ಕರ್ಧ ದಿನಗಳಿಗೆ ಬೇಡ ಎನ್ನುವ ಮನುಷ್ಯ, ಇದಕ್ಕೂ ಬೇಡ ಎಂದೇ ಅಂದಾರು ಎನ್ನುವ ಆಸೆಯಿಂದ ಹೋದೆ. ಅವರು ಬೇಡ ಎಂದರೆ ನನ್ನ ಹೆದರಿಕೆಗೆ ಒಂದು ಮರ್ಯಾದೆಯ ಹೆಸರು ಸಿಗುತ್ತಿತ್ತು.

ಮಂಗಳವಾರ ಒಂದು ಆಪರೇಶನ್ನಿಗೆ ಆದೀತಾ ಎಂದು ಕೇಳಿದೆ. ಕಾಕಾ ಕೆಂಪು ಪಂಚಾಂಗ ತೆರೆದು ಬೆರಳಿಟ್ಟು ನೋಡಿದರು. ತುಂಬ ಹೊತ್ತು ನೋಡಿದರು.

"ಯಾರಿಗಿ ಇದು?"

"ನನಗೇ, ಕಾಕಾ." ಎಲ್ಲವನ್ನೂ ಹೇಳಿದೆ, ಅಮ್ಮನದನ್ನೂ.

"ಡಾಕ್ಟರ್ ಏನಂತಾರ?"

"ತಡ ಮಾಡ್ಬೇಡಿ ಅಂತಾರೆ."

"ಎಷ್ಟು ಸಲ ಮುಂದಕ್ಕ ಹಾಕಿದಿ?"

"ಮೂರು."

ಅವರು ಪುಸ್ತಕ ಮುಚ್ಚಿದರು. "ಮಂಗಳವಾರ ತೆಗೆಯೋ ದಿನ ಐತಿ. ಇದಕ್ಕಿಂತ ಚಲೋ ದಿನ ಈ ವರ್ಷ ಸಿಗಂಗಿಲ್ಲ. ಹೋಗು."

ಸಿಟ್ಟು ಬಂತು. ಏಸಿ ಸರ್ವಿಸಿಗೆ ಮೂರು ವಾರ ಕಾಯಿಸಿದ ಮನುಷ್ಯನಿಗೆ ನನ್ನ ಎದೆ ಕೊಯ್ಯಲು ಮಾತ್ರ ಕೂಡಲೇ ಒಳ್ಳೆಯ ದಿನ ಸಿಕ್ಕಿತಲ್ಲ ಎಂದು. "ಸರಿಯಾಗಿ ನೋಡಿದ್ರಾ ಕಾಕಾ? ಇನ್ನೊಮ್ಮೆ ನೋಡಿ," ಎಂದೆ. "ನನ್ನ ಲೆಕ್ಕ ಎಂದಾದ್ರೂ ತಪ್ಪೇತೇನು?" ಎಂದು ಗದರಿದರು. ತಪ್ಪಿದ್ದು ನಾನು ಕಂಡಿರಲಿಲ್ಲ. ಕೆಳಗಿಳಿದು ಬಂದೆ.

ಮಂಗಳವಾರ ಬೆಳಗಾಗುತ್ತಿದ್ದಂತೆ ಅವರ ಹಳೇ ಕಾರು ಬಾಗಿಲಲ್ಲಿ ನಿಂತಿತ್ತು. ರಜೆ ಹಾಕಿ ಬಂದಿದ್ದ ಗಂಡ ಚೀಲ ಹಿಡಿದು ಹಿಂದೆ ಕುಳಿತರು. ನಮ್ಮ ಮನೆಯಿಂದ ಆಸ್ಪತ್ರೆಗೆ ಹತ್ತು ನಿಮಿಷದ ದಾರಿ. ಕಾಕಾ ಕಾರನ್ನು ತದ್ವಿರುದ್ಧ ದಿಕ್ಕಿಗೆ ತಿರುಗಿಸಿದರು. ಪಟ್ಟಣದ ಅಂಚಿನ ಅಲ್ ಅಜೀಜಿಯಾದವರೆಗೆ ಹೋಗಿ, ಅಲ್ಲಿ ಒಂದು ವೃತ್ತ ಸುತ್ತಿ, ಎರಡೂ ಗಡಿಯಾರ ನೋಡಿ, ಐದು ನಿಮಿಷ ಸುಮ್ಮನೆ ನಿಂತು, ನೈಋತ್ಯದಿಂದ ಆಸ್ಪತ್ರೆಗೆ ಬಂದರು. ಹಿಂದಿನ ದಿನದಿಂದ ಒಂದು ಹನಿ ನೀರಿಲ್ಲದೆ ನನ್ನ ಗಂಟಲು ಅಂಟಿಕೊಂಡಿತ್ತು.

"ದಿನ ಒಳ್ಳೆಯದು ಅಂದ ಮೇಲೆ ಈ ಸುತ್ತಾಟ ಎಂತಕ್ಕೆ ಕಾಕಾ?" ಎಂದು ಕೇಳಿದೆ.

"ನೀ ಪ್ರಾರ್ಥನಾ ಮಾಡು. ಗಾಡಿ ನಾ ಹೊಡೀತೀನಿ."

ಸಿಟ್ಟಿನಲ್ಲೇ ಜಪಸರ ಹಿಡಿದೆ. ಅದರ ಐದು ರಹಸ್ಯಗಳೂ, ಅಂದರೆ ಐದು ಸುತ್ತು ಪ್ರಾರ್ಥನೆಯೂ, ಮುಗಿದವು. ನೆಟ್ಟಗೆ ಹೋಗಿದ್ದರೆ ಅರ್ಧವೂ ಮುಗಿಯುತ್ತಿರಲಿಲ್ಲ. ಕನ್ನಡಿಯಲ್ಲಿ ಕಂಡ ಕಾಕಾನ ಹಣೆ ಏಸಿಯ ತಂಪಿನಲ್ಲೂ ಬೆವರಿತ್ತು. ಅವರಿಗೂ ಮೈ ಹುಷಾರಿಲ್ಲವೇನೋ ಎಂದುಕೊಂಡೆ.

ಗಡ್ಡೆ ತೆಗೆದರು. ಕೆಟ್ಟದ್ದೇ ಆಗಿತ್ತು, ಆದರೆ ಇನ್ನೂ ಎಲ್ಲಿಗೂ ಹರಡಿರಲಿಲ್ಲ. ಇನ್ನೆರಡು ತಿಂಗಳು ಹೋಗಿದ್ದರೆ ಮಾತು ಬೇರೆಯಿತ್ತು ಎಂದು ಡಾಕ್ಟರ್ ಹೇಳಿದರು. ಅಂದು ಮಧ್ಯಾಹ್ನ ಮೂರರವರೆಗೆ ಕಾಕಾ ಕಾರಿಡಾರಿನಲ್ಲಿ ಒಂದು ಲೋಟ ಚಹಾ ಕೂಡ ಮುಟ್ಟದೆ ಕುಳಿತಿದ್ದರಂತೆ. ನರ್ಸ್ ಬಂದು, ನಿಮ್ಮ ಮಗಳು ಚೆನ್ನಾಗಿದ್ದಾಳೆ ಎಂದಾಗ, ನಾನು ಅವಳ ಅಪ್ಪ ಅಲ್ಲ ಎಂದು ಹೇಳಲೂ ಆಗದೆ ಎದ್ದು ಹೊರಗೆ ಹೋದರಂತೆ. ಇದನ್ನು ನನ್ನ ಗಂಡ ಹೇಳಿದಾಗ ನನಗೆ ನಗು ಬಂತು. ಒಳ್ಳೆಯ ದಿನ ನೋಡಿಕೊಟ್ಟವರಿಗೆ ಇಷ್ಟು ಗಾಬರಿ ಯಾಕೆ ಎಂದು.

ಮುಂದಿನ ವರ್ಷ ಅವರ ಕೆಲಸ ಖಲಾಸ್ ಆಯಿತು. ಕತಾರ್ ಬಿಟ್ಟು ಹೊರಡುವ ಎರಡು ದಿನ ಮೊದಲು, ಹೇಳಿದ ಹೊತ್ತಿಗಿಂತ ಇಪ್ಪತ್ತಾರು ನಿಮಿಷ ಮುಂಚೆಯೇ ಬಂದರು. ಕೈಯಲ್ಲಿ ಹಿಂದಿನ ವರ್ಷದ ಪಂಚಾಂಗ.

"ಒಂದು ತಪ್ಪು ತಿದ್ದೋದೈತಿ," ಎಂದರು.

ಸರ್ವೆಯವರು ಅಳತೆ ಬರೆಯುವ ಪುಸ್ತಕದಲ್ಲಿ ರಬ್ಬರು ಬಳಸುವಂತಿಲ್ಲವಂತೆ. ತಪ್ಪಾದರೆ ಅದು ಕಾಣುವ ಹಾಗೇ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಬೇಕಂತೆ. ಅವರು ಪುಟ ತೆರೆದು ಆ ಮಂಗಳವಾರದ ಮೇಲೆ ಬೆರಳಿಟ್ಟರು.

"ಆ ದಿನ ತೆಗೆಯೋ ದಿನ ಆಗಿರ್ಲಿಲ್ಲ, ತಂಗಿ. ಮುಚ್ಚೋ ದಿನ ಇತ್ತು. ಅದ್ರ ಮ್ಯಾಲ ಕೋಳಿ ದಿನ. ನೀ ಮೊಲದ ವರ್ಷದಾಕಿ, ನಿನಗ ಕೋಳಿ ಅಂದ್ರ ಎದುರಾಳಿ. ಅಷ್ಟು ಕೆಟ್ಟ ದಿನಾ ನಾ ಯಾರಿಗೂ ಕೊಟ್ಟಿಲ್ಲ. ತೆಗೆಯೋ ದಿನ ಇದ್ದದ್ದು ಗುರುವಾರ."

ನಾನು ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟೆ. "ಮತ್ತೆ ಗುರುವಾರ ಅಂತ ಯಾಕೆ ಹೇಳ್ಲಿಲ್ಲ?"

"ಗುರುವಾರ ದವಾಖಾನ್ಯಾಗ ಜಾಗ ಇತ್ತೇನು? ಇರ್ಲಿಲ್ಲ. ನೀ ನನ್ನ ಕಡಿಂದ ಬ್ಯಾಡ ಅನಿಸಿಕೊಳ್ಳಾಕ ಬಂದಿದ್ದಿ, ನಿನ್ನ ಮಾರಿ ನೋಡಿದ್ರ ಗೊತ್ತಾಗ್ತಿತ್ತು. ಬ್ಯಾಡ ಅಂದಿದ್ರ ನೀ ಇನ್ನೂ ದಿನಾ ಹುಡಕ್ಕೋತ ಕುಂದರ್ತಿದ್ದಿ. ಗಡ್ಡಿ ಪಂಚಾಂಗ ನೋಡಂಗಿಲ್ಲವಾ."

"ಸುಳ್ಳು ಹೇಳಿದ್ರಾ ನೀವು?"

"ಹೇಳಿದೆ."

"ಹೇಳಿದ್ದು ಹೇಳಿದ್ರಿ. ಒಂದು ವರ್ಷದಿಂದ ನಾನು ಆರಾಮ ಇದ್ದೇನೆ. ಈಗ ಬಂದು ಇದನ್ನು ಯಾಕೆ ಹೇಳ್ಬೇಕಿತ್ತು?"

"ತಪ್ಪು ಲೆಕ್ಕ ಹಂಗ ಬಿಟ್ಟು ಹೋಗಬಾರದು," ಎಂದರು. ನನ್ನೆದುರೇ ಮಂಗಳವಾರದ ಪಕ್ಕದಲ್ಲಿ ಪೆನ್ಸಿಲಿನಿಂದ ತೆಗೆಯುವ ದಿನ ಎಂದು ಬರೆದು, ಅದರ ಮೇಲೆ ಗೆರೆ ಎಳೆದು ಸಹಿ ಹಾಕಿದರು. ಆಮೇಲೆ ಊಟಕ್ಕೆ ಏನು ಮಾಡಿದ್ದೀ ಎಂದು ಕೇಳಿದರು.

ಅವತ್ತು ಅವರಿಗೆ ಊಟ ಬಡಿಸಿದೆ. ಪಾತ್ರೆ ತೊಳೆಯುವಾಗ ಹೊಳೆಯಿತು. ನನಗೆ ಅದು ಬರೀ ಒಂದು ಮಂಗಳವಾರ. ಕೋಳಿಯೂ ಇಲ್ಲ, ಮೊಲವೂ ಇಲ್ಲ. ಅವರಿಗೆ ಹಾಗಲ್ಲ. ಅವರು ಅದನ್ನು ಪೂರ್ತಿ ನಂಬಿದವರು. ನನ್ನನ್ನು ಸಾವಿನ ಬಾಯಿಗೆ ಕಳಿಸುತ್ತಿರಬಹುದು ಎಂದು ತಿಳಿದೂ, ಕಳಿಸದಿದ್ದರೆ ಖಂಡಿತ ಸಾಯುತ್ತಾಳೆ ಎಂದು ಡಾಕ್ಟರ ಮಾತಿನಿಂದ ಅರಿತು, ಆ ಸುಳ್ಳನ್ನು ಒಬ್ಬರೇ ಹೊತ್ತುಕೊಂಡರು. ಕೆಟ್ಟ ದಿನದಲ್ಲಿ ಒಂದಿಷ್ಟಾದರೂ ಒಳ್ಳೆಯ ದಿಕ್ಕು ಸಿಗಲಿ ಎಂದು ಅಜೀಜಿಯಾ ಸುತ್ತಿಸಿದರು. ಹೆದರಿಕೆಯನ್ನು ನಾನು ಅವರ ಮನೆಯ ಮೇಜಿನ ಮೇಲೆ ಇಟ್ಟುಬಂದಿದ್ದೆ, ಅವರು ಅದನ್ನು ಎತ್ತಿಕೊಂಡು ಆಸ್ಪತ್ರೆಯ ಕಾರಿಡಾರಿನಲ್ಲಿ ಕುಳಿತಿದ್ದರು. ನಲ್ಲಿ ತಿರುಗಿಸಿ ಜೋರಾಗಿ ನೀರು ಬಿಟ್ಟು ಅತ್ತೆ. ಹೊರಗೆ ಅವರು ಮಗಳಿಗೆ, ನಿಮ್ಮ ಫ್ರಿಜ್ ತಪ್ಪು ಮೂಲೆಯಲ್ಲಿದೆ ಎಂದು ಹೇಳುತ್ತಿದ್ದರು.

ಹೋದ ವರ್ಷ ಧಾರವಾಡದಿಂದ ಅವರ ಫೋನ್ ಬಂತು. ಎದೆ ಹಿಡಿದುಕೊಂಡಿತ್ತಂತೆ, ಹೃದಯದ ರಕ್ತನಾಳ ಮೂರು ಕಡೆ ಕಟ್ಟಿದೆಯಂತೆ. ಡಾಕ್ಟರ್ ಈ ಗುರುವಾರವೇ ಆಪರೇಶನ್ ಎಂದಿದ್ದರಂತೆ. ಇವರು ಅದರ ಮುಂದಿನ ವಾರದ ಶುಕ್ರವಾರ ಕೇಳಿ ಪಡೆದಿದ್ದರು.

"ಶುಕ್ರವಾರ ತೆರೆಯೋ ದಿನ, ತಂಗಿ. ಮುಚ್ಚಿದ ದಾರಿ ತೆರೀಬೇಕಲ್ಲ, ಅದಕ್ಕ ಅದ ಬೇಕು."

ಆಫೀಸಿನ ಮೆಟ್ಟಿಲಿಗೆ ಓಡಿಹೋಗಿ ಬೈದೆ. ನನಗೊಂದು ನ್ಯಾಯ ನಿಮಗೊಂದು ನ್ಯಾಯವಾ ಎಂದೆ. ಗಡ್ಡೆ ಪಂಚಾಂಗ ನೋಡುವುದಿಲ್ಲ, ಹೃದಯ ನೋಡುತ್ತದಾ ಎಂದೆ. ಗುರುವಾರ ಒಳ್ಳೆಯದೇ ಇದೆ, ನಾನು ನೋಡಿದ್ದೇನೆ ಎಂದೂ ಹೇಳಿದೆ.

"ಎಲ್ಲೆ ನೋಡಿದಿ? ಯಾವ ಪುಸ್ತಕದಾಗ?" ಎಂದು ಕೇಳಿದರು. "ಅವತ್ತು ಏನು ದಿನ ಐತಿ, ಹೇಳು ನೋಡೂಣು."

ಆ ಹನ್ನೆರಡು ಹೆಸರುಗಳಲ್ಲಿ ಅವತ್ತಿನದು ಯಾವುದೋ ನನಗೆ ಗೊತ್ತಿರಲಿಲ್ಲ. ಅವರು ಮೆಲ್ಲಗೆ ನಕ್ಕರು. "ನೀ ಕಾಳಜಿ ಮಾಡಬ್ಯಾಡ. ಇನ್ನ ಹನ್ನೊಂದ ದಿನದ ಮಾತು," ಎಂದು ಫೋನ್ ಇಟ್ಟರು. ಒಂಬತ್ತನೇ ದಿನ, ಬುಧವಾರ ಬೆಳಿಗ್ಗೆ, ಚಹಾ ಕುಡಿಯುತ್ತಾ ಕುಳಿತಲ್ಲೇ ಹೋದರು. ಅವರ ಮಗ ಫೋನ್ ಮಾಡಿ ಹೇಳಿದ.

ದುಃಖಕ್ಕಿಂತ ಮೊದಲು ಬಂದದ್ದು ಸಿಟ್ಟು, ಅದು ಈಗಲೂ ಪೂರ್ತಿ ಇಳಿದಿಲ್ಲ. ಅವರ ಸುತ್ತ ಹೆಂಡತಿ, ಮಗ, ಸೊಸೆ, ಡಾಕ್ಟರು ಎಲ್ಲರೂ ಇದ್ದರು. ಎಲ್ಲರೂ ನಿಜವನ್ನೇ ಹೇಳಿದರು, ಅವರು ಯಾರ ಮಾತನ್ನೂ ಕೇಳಲಿಲ್ಲ. ನನಗೆ ಅವರು ಹೇಳಿದ ಹಾಗೆ ಪುಸ್ತಕ ತೆರೆದು, ಬೆರಳಿಟ್ಟು, ಅವರು ನಂಬುವಂಥ ಸುಳ್ಳು ಹೇಳಲು ಲೆಕ್ಕ ಬರಬೇಕಿತ್ತು. ಆ ಹನ್ನೆರಡು ದಿನಗಳ ಲೆಕ್ಕವನ್ನು ಕಲಿಸಿಕೊಡುತ್ತೇನೆ, ಬಾ ಕುಂದ್ರು ಎಂದು ಅವರು ಎಷ್ಟೋ ಶುಕ್ರವಾರ ಕರೆದಿದ್ದರು. ಒಲೆಯ ಮೇಲೆ ಹಾಲಿಟ್ಟಿದ್ದೇನೆ ಕಾಕಾ ಎಂದು ಪ್ರತಿ ಸಲವೂ ಎದ್ದುಹೋದೆ. ಒಂದು ದಿನವೂ ಒಲೆಯ ಮೇಲೆ ಹಾಲಿರಲಿಲ್ಲ.